ಅಕ್ಷರಬಿಲ್ಲೆ ಆಟದ ಮೊಬೈಲ್ ಆಪ್: ಬಂಡವಾಳ ಹೂಡುವ ಮುನ್ನ ಗಮನಿಸಬೇಕಾದ ಅಂಶಗಳು

ಪಾಂಡವಪುರದ ಬೆಲ್ಲದ ವರ್ತಕರೊಬ್ಬರು ಇತ್ತೀಚೆಗೆ ತಮ್ಮ ಇಂಜಿನಿಯರ್ ಮಗನೊಡನೆ ನನ್ನ ಕಚೇರಿಗೆ ಬಂದಿದ್ದರು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಆಟದಲ್ಲಿ ಜಾಣ ನಡೆಗಳನ್ನು ಕಲಿಸುವ ಆಪ್ ಒಂದನ್ನು ಸಿದ್ಧಪಡಿಸಲು ಮಗ ಎಂಟು ಲಕ್ಷ ರೂ. ಕೇಳಿದ್ದ. “ಇದು ವ್ಯಾಪಾರವೋ, ಜೂಜೋ ತಿಳಿಸಿ” ಎಂಬುದು ತಂದೆಯ ಪ್ರಶ್ನೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳ ಇತರ ಸದಸ್ಯರ ಮನೆಗಳಲ್ಲೂ ಇಂತಹ ಪ್ರಶ್ನೆ ಏಳಬಹುದಾದ್ದರಿಂದ, ಅವರಿಗೆ ನೀಡಿದ ವಿವರಣೆಯನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಆಟ ಮತ್ತು ಆಪ್‌ನ ಕೆಲಸ

ಈ ಬಗೆಯ ಆಟಗಳಲ್ಲಿ ಪ್ರಸಿದ್ಧವಾದುದು ಸ್ಕ್ರ್ಯಾಬಲ್. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿ ಇದನ್ನು ರೂಪಿಸಿದರು. 225 ಮನೆಗಳ ಹಲಗೆ, 100 ಬಿಲ್ಲೆಗಳು, ಆಟಗಾರನ ಕೈಯಲ್ಲಿ ಒಮ್ಮೆಗೆ ಏಳು ಬಿಲ್ಲೆ. ಏಳನ್ನೂ ಒಂದೇ ನಡೆಯಲ್ಲಿ ಬಳಸಿದರೆ 50 ಅಂಕ ಹೆಚ್ಚುವರಿ.

ಹೊಸ ಆಟಗಾರ ಆ ಕ್ಷಣಕ್ಕೆ ಅತಿ ಹೆಚ್ಚು ಅಂಕ ತರುವ ಪದವನ್ನು ಹುಡುಕುತ್ತಾನೆ. ನುರಿತವನು ಕೈಯಲ್ಲಿ ಉಳಿಯುವ ಬಿಲ್ಲೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ವರ್ತಕರಿಗೆ ಇದು ಹೊಸದಲ್ಲ. ಇಂದು ಒಳ್ಳೆಯ ಸರಕನ್ನೆಲ್ಲ ಮಾರಿ, ಬಿಕರಿಯಾಗದ ದಾಸ್ತಾನನ್ನು ಮಾತ್ರ ಉಳಿಸಿಕೊಂಡ ಅಂಗಡಿಯ ನಾಳಿನ ವ್ಯಾಪಾರ ಹೇಗಿದ್ದೀತು? 30 ಅಂಕ ತಂದು ಜೋಡಣೆಗೆ ಒದಗದ ಅಕ್ಷರಗಳನ್ನು ಉಳಿಸುವ ನಡೆಗಿಂತ, 24 ಅಂಕ ತಂದು ಒದಗುವ ಅಕ್ಷರಗಳನ್ನು ಉಳಿಸುವ ನಡೆ ಒಟ್ಟಿನಲ್ಲಿ ಲಾಭಕರವಾಗಬಹುದು. ಆಪ್ ಮಾಡುವುದು ಇದೇ ಲೆಕ್ಕವನ್ನು. ಪ್ರತಿ ನಡೆಯ ನಂತರ ಚೀಲದಿಂದ ಬರಬಹುದಾದ ಬಿಲ್ಲೆಗಳನ್ನು ಸಾವಿರಾರು ಬಾರಿ ಊಹಿಸಿ ಆಡಿ, ಸರಾಸರಿ ತೆಗೆದು, ಯಾವ ನಡೆ ಮೇಲೆಂದು ತೋರಿಸುತ್ತದೆ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಕ್ವ್ಯಾಕಲ್ ಎಂಬ ತಂತ್ರಾಂಶವು ಉಚಿತವಾಗಿಯೇ ದೊರೆಯುತ್ತದೆ. 2006ರಲ್ಲಿ ಅದು ಟೊರಾಂಟೋದಲ್ಲಿ ಮಾಜಿ ವಿಶ್ವ ಚಾಂಪಿಯನ್ ಡೇವಿಡ್ ಬಾಯ್ಸ್ ಅವರನ್ನು ಸೋಲಿಸಿತು. ಉಚಿತವಾಗಿ ದೊರೆಯುವುದಕ್ಕೆ ಪ್ರತಿಯಾಗಿ ಹಣ ಕೇಳುವ ಸರಕನ್ನು ಮಾರುಕಟ್ಟೆಗೆ ತರುವುದು ಕಷ್ಟ.

ಕನ್ನಡದ ಅವಕಾಶ ಮತ್ತು ತೊಡಕು

ಹಾಗಾದರೆ ಕನ್ನಡದಲ್ಲಿ ಮಾಡಬಹುದಲ್ಲ ಎಂದು ಆ ಯುವಕ ಕೇಳಿದ. ಯೋಚನೆ ಯೋಗ್ಯವಾದದ್ದು, ಆದರೆ ಬಿಲ್ಲೆಯ ಮೇಲೆ ಏನನ್ನು ಬರೆಯಬೇಕೆಂಬುದೇ ಮೊದಲ ತೊಡಕು. ನಮ್ಮ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ, ಅನುಸ್ವಾರ ವಿಸರ್ಗಗಳನ್ನು ಬಿಟ್ಟೂ, 442 ರೂಪಗಳಾಗುತ್ತವೆ. ಒತ್ತಕ್ಷರಗಳು ಬೇರೆ. ಓದುಗನಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಯೂನಿಕೋಡ್ ಸಂಕೇತದಲ್ಲಿ ಆರು ಘಟಕ. ಮೂಲಾಕ್ಷರಕ್ಕೊಂದು, ಸ್ವರಚಿಹ್ನೆಗೊಂದು, ಒತ್ತಿಗೊಂದು ಬಿಲ್ಲೆ ಮಾಡಬೇಕೋ, ಗುಣಿತಾಕ್ಷರವನ್ನೇ ಇಡಬೇಕೋ ಎಂಬುದು ತೀರ್ಮಾನವಾಗದೆ ಅಂಕಗಳನ್ನು ನಿಗದಿಪಡಿಸಲಾಗದು.

ಎರಡನೆಯ ತೊಡಕು ಪದಪಟ್ಟಿ. ‘ಮನೆ’ ಒಪ್ಪಿತ; ‘ಮನೆಯಲ್ಲಿ’, ‘ಮನೆಯಿಂದಲೂ’ ಒಪ್ಪಿತವೇ? ವಿಭಕ್ತಿಪ್ರತ್ಯಯಗಳಿಗೆ ನಿಯಮ ಬೇಕು. ಪದಗಳು ಯಾರ ಸೊತ್ತೂ ಅಲ್ಲವಾದರೂ ನಿಘಂಟಿನ ಸಂಕಲನಕ್ಕೆ ಕೃತಿಸ್ವಾಮ್ಯವಿರುತ್ತದೆ. ಗಂಜಾಂ ಊರನ್ನು ಹೆಸರಿನಲ್ಲೇ ಹೊತ್ತಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಪ್ರಧಾನ ಸಂಪಾದಕರಾಗಿ ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಅನುಮತಿಯಿಲ್ಲದೆ ಎತ್ತಿಕೊಳ್ಳುವಂತಿಲ್ಲ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನ ದತ್ತಾಂಶವು 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂದಿದೆ. ಪರವಾನಗಿಯ ಷರತ್ತುಗಳನ್ನು ಓದಿ, ಪಾಲಿಸಿ ಅದನ್ನು ಬಳಸಬಹುದು.

ಹೆಸರು ಮತ್ತು ಕಾನೂನು

ಕೋಲ್ಕತ್ತದ ಅಗರ್‌ವಾಲಾ ಸಹೋದರರು ಅಂತರ್ಜಾಲಕ್ಕೆ ತಂದ ‘ಸ್ಕ್ರ್ಯಾಬುಲಸ್’ ಫೇಸ್‌ಬುಕ್‌ನಲ್ಲಿ ಬಹಳ ಜನಪ್ರಿಯವಾಗಿತ್ತು. ಮ್ಯಾಟೆಲ್ ಕಂಪನಿಯು ದೆಹಲಿ ಹೈಕೋರ್ಟಿಗೆ ಹೋಯಿತು. 2008ರ ಸೆಪ್ಟೆಂಬರ್‌ನ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯವು ಹಲಗೆ ಮತ್ತು ನಿಯಮಗಳ ಮೇಲಿನ ಕೃತಿಸ್ವಾಮ್ಯದ ವಾದವನ್ನು ಮೇಲ್ನೋಟಕ್ಕೆ ಒಪ್ಪಲಿಲ್ಲ. ಆದರೆ ಟ್ರೇಡ್‌ಮಾರ್ಕನ್ನು ಹೋಲುವ ಹೆಸರಿಗೆ ತಡೆ ನೀಡಿತು. ಆಟದ ತತ್ತ್ವ ಬಳಸುವುದಕ್ಕಿಂತ ಹೆಸರಿನ ಅನುಕರಣೆಯೇ ಅಪಾಯಕರವೆಂಬುದು ಇದರಿಂದ ತಿಳಿಯುವ ಪಾಠ. ಆದ್ದರಿಂದ ಸ್ವಂತ ಹೆಸರಿಟ್ಟು ಮೊದಲೇ ನೋಂದಣಿಗೆ ಅರ್ಜಿ ಹಾಕುವುದು ಕ್ಷೇಮ.

ಇನ್ನು ಜೂಜಿನ ಪ್ರಶ್ನೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆಯು, ಕೌಶಲದ ಆಟವೇ ಆಗಲಿ ಅದೃಷ್ಟದ ಆಟವೇ ಆಗಲಿ, ಹಣ ಪಣವಿಟ್ಟು ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ಪಣವಲ್ಲದ ಚಂದಾ ಪಡೆದು ಮನರಂಜನೆಗೆ ಅಥವಾ ಕಲಿಕೆಗೆ ಆಡಿಸುವುದಕ್ಕೆ ಅಡ್ಡಿಯಿಲ್ಲ. “ಇದು ಪದದ ಆಟ, ಬುದ್ಧಿಯ ಆಟ” ಎಂಬ ನಂಬಿಕೆಯಿಂದ ಪ್ರವೇಶಶುಲ್ಕ ಪಡೆದು ನಗದು ಬಹುಮಾನ ಹಂಚುವ ಯೋಜನೆಗೆ ಕೈಹಾಕಬಾರದು. ಯುವಕನ ಯೋಜನಾ ಪತ್ರದ ಕೊನೆಯ ಪುಟದಲ್ಲಿ ಅಂತಹುದೇ ಒಂದು ಸಾಲಿತ್ತು, ಅದನ್ನು ಹೊಡೆದುಹಾಕಿಸಿದೆ.

ಲೆಕ್ಕ ಮತ್ತು ತೆರಿಗೆ

ಜಿ.ಎಸ್.ಟಿ. ಬಿಟ್ಟು ಆಪ್‌ನ ಬೆಲೆ 100 ರೂ. ಇರಲಿ. ಆಪ್ ಮಾರುವ ವೇದಿಕೆಯ ಶುಲ್ಕ ಶೇ. 15 ಎಂದು ಹಿಡಿದರೆ ಕೈಗೆ ಬರುವುದು 85 ರೂ. ಎಂಟು ಲಕ್ಷ ಮರಳಬೇಕಾದರೆ 9,412 ಮಂದಿ ಹಣ ಕೊಟ್ಟು ಕೊಳ್ಳಬೇಕು. ವಾರ್ಷಿಕ ನಿರ್ವಹಣೆ, ಜಾಹೀರಾತು, ಮಗನ ಸ್ವಂತ ದುಡಿಮೆಯ ಬೆಲೆ ಇದರಲ್ಲಿ ಸೇರಿಲ್ಲ.

ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ರೂ. ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಹೊರದೇಶದಿಂದ ಸೇವೆ ಕೊಂಡಲ್ಲಿ ರಿವರ್ಸ್ ಚಾರ್ಜ್ ಕಾರಣ ಅದಕ್ಕೂ ಮೊದಲೇ ಬೇಕಾಗಬಹುದು. ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೇ ಬರೆಯಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ನಿಗದಿತ ಷರತ್ತುಗಳು ಪೂರೈಸಿದರೆ ಮಾತ್ರ ಆಸ್ತಿಯೆಂದು ತೋರಿಸಬಹುದು. ಆದಕಾರಣ ಮೊದಲ ದಿನದಿಂದಲೇ ಎರಡೂ ಹಂತಗಳ ಬಿಲ್ಲುಗಳನ್ನು ಪ್ರತ್ಯೇಕವಾಗಿ ಇಡಬೇಕು. ಬೆಲ್ಲದ ಮಂಡಿಯ ಖಾತೆಯೊಡನೆ ಈ ಖರ್ಚನ್ನು ಬೆರೆಸಬಾರದು.

ಸಲಹೆ

ಹಣವನ್ನು ಕಂತುಗಳಲ್ಲಿ ಕೊಡುವುದು ಲೇಸು. ಮೊದಲ ಕಂತು ಒಂದು ಲಕ್ಷಕ್ಕೆ ಮೀರದಿರಲಿ. ಅದರಲ್ಲಿ ಪದಪಟ್ಟಿ ಸಿದ್ಧವಾಗಲಿ. ರಟ್ಟಿನ ಬಿಲ್ಲೆಗಳನ್ನು ಮಾಡಿಸಿ ಶಾಲೆಗಳಲ್ಲಿ, ಮನೆಗಳಲ್ಲಿ ಆಡಿಸಿ ನೋಡಲಿ. ರಟ್ಟಿನಲ್ಲಿ ರುಚಿಸದ ಆಟ ಮೊಬೈಲಿನಲ್ಲೂ ರುಚಿಸದು. ಜನ ಮತ್ತೆ ಮತ್ತೆ ಆಡಲು ಬಂದರೆ ಮಾತ್ರ ಎರಡನೆಯ ಕಂತು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಪದಸಂಪತ್ತಿನ ಕೊರತೆಯಿಲ್ಲ. ಗಂಜಾಂ ನಿಘಂಟುಕಾರರನ್ನು ಕೊಟ್ಟಿತು, ಮೇಲುಕೋಟೆ ಪು.ತಿ.ನ. ಅವರನ್ನು, ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರನ್ನು ಕೊಟ್ಟವು, ಬೆಳ್ಳೂರು ಬಿ.ಎಂ.ಶ್ರೀ. ಅವರ ಮನೆತನದ ಊರು. ಇಂತಹ ನೆಲದ ಯುವಕನೊಬ್ಬ ಕನ್ನಡದ ಪದಗಳನ್ನೇ ಸರಕಾಗಿ ಮಾಡಿಕೊಂಡು ವ್ಯಾಪಾರಕ್ಕಿಳಿಯುವುದಾದರೆ ಹಿರಿಯರು ನಿರುತ್ಸಾಹಗೊಳಿಸಬಾರದು; ಲೆಕ್ಕ ಕೇಳುವುದನ್ನೂ ಬಿಡಬಾರದು. ನಮ್ಮ ವರ್ತಕರು ಮೊದಲ ಕಂತಿಗೆ ಒಪ್ಪಿದ್ದಾರೆ. ಮಗ ರಟ್ಟು ಕತ್ತರಿಸುತ್ತಿದ್ದಾನೆ.