ದಿನ ತುಂಬದ ಕೂಸಿಗೆ ಹಸುವಿನ ಹಾಲು

ಹಸುವಿನ ಹಾಲಿನಲ್ಲಿ ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಇದೆ. ತಾಯಂದಿರ ಮೈ ಅದನ್ನು ತಯಾರಿಸುವುದೇ ಇಲ್ಲ. ಕೊಡಗಿನ ಕಾಫಿ ತೋಟದ ಲೈನ್‌ಮನೆಯಲ್ಲಿ ಏಳು ತಿಂಗಳಿಗೇ ಹುಟ್ಟಿದ ಕೂಸನ್ನು ಮಡಿಕೇರಿಗೆ ಹೊತ್ತು ತಂದ ಅಜ್ಜಿ, ‘ಇವಳಿಗಿನ್ನೂ ಹಾಲು ಇಳಿದಿಲ್ಲ, ಎರಡು ಚಮಚ ಹಸುವಿನ ಹಾಲು ಹಾಕಿದರೇನು?’ ಎಂದು ಕೇಳಿದಾಗ ನರ್ಸಮ್ಮ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ. ಪ್ರಮಾಣದ ತೊಡಕು ಬೇರೆ: 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 3.3 ಗ್ರಾಂ ಪ್ರೋಟೀನ್, ಎದೆಹಾಲಿನಲ್ಲಿ ಹೆಚ್ಚುಕಡಿಮೆ 1 ಗ್ರಾಂ.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 30 ವಾರಕ್ಕೇ ಹೊರಬಂದ ಮಗುವಿನ ಜಠರದಲ್ಲಿ ಆಮ್ಲ ಕಡಿಮೆ, ಪ್ರೋಟೀನ್ ಒಡೆಯುವ ಕಿಣ್ವಗಳು ಸಾಲವು, ಕರುಳಿನ ಒಳಮೈಯ ಲೋಳೆ ತೆಳು, ಕೋಶಗಳ ನಡುವಿನ ಬೆಸುಗೆ ಸಡಿಲ. ಹೀಗಾಗಿ ಅರೆಜೀರ್ಣವಾದ ಪ್ರೋಟೀನ್ ಸೀದಾ ರಕ್ತಕ್ಕೆ ನುಸುಳುತ್ತದೆ. 1982ರಲ್ಲಿ ಲಂಡನ್ನಿನ ವೈದ್ಯರು ಎಳೆಗೂಸುಗಳ ರಕ್ತದಲ್ಲಿ ಇದೇ ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್ನನ್ನು ಅಳೆದಾಗ, ದಿನ ತುಂಬಿದವುಗಳಿಗಿಂತ ದಿನ ತುಂಬದವುಗಳಲ್ಲೇ ಅದು ಹೆಚ್ಚು ಸಿಕ್ಕಿತು. ತಾಯಿಯಿಂದ ಬರಬೇಕಾದ ಐಜಿಜಿ ಪ್ರತಿಕಾಯಗಳೂ ಈ ಮಕ್ಕಳಿಗೆ ಕಡಿಮೆ. ಅವು ಮಾಸುಚೀಲದ ಮೂಲಕ ಇಳಿಯುವುದು ಬಹುಪಾಲು ಬಸಿರಿನ ಕೊನೆಯ ತಿಂಗಳುಗಳಲ್ಲಿ.

ಹಾಗಾದರೆ ಇಂಥ ಮಕ್ಕಳಿಗೆ ಮುಂದೆ ಆಹಾರದ ಅಲರ್ಜಿ ಹೆಚ್ಚಬೇಕಲ್ಲ? ಹೆಚ್ಚುವುದಿಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ 1995ರಲ್ಲಿ ಹುಟ್ಟಿದ 13,980 ಮಕ್ಕಳ ದಾಖಲೆಗಳನ್ನು ಜಾಲಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅಂಥ ನಂಟು ಕಾಣಲಿಲ್ಲ. ಹೊಟ್ಟೆಯೊಳಗಿನ ಮಗುವಿನ ರೋಗನಿರೋಧಕ ವ್ಯವಸ್ಥೆ ಜಗಳಕ್ಕಿಂತ ರಾಜಿಗೇ ಹೆಚ್ಚು ಒಲಿದಿರುತ್ತದೆ. ತಾಯಿಯ ಕೋಶಗಳನ್ನೂ ಅದು ಸಹಿಸಿಕೊಳ್ಳಬೇಕಲ್ಲ. ಆ ಸ್ವಭಾವ ಬೇಗ ಹುಟ್ಟಿದವರಲ್ಲೂ ಉಳಿದಿರುವುದರಿಂದಲೇ ಹೀಗೆ ಎಂಬುದು ಒಂದು ವಿವರಣೆ. ರಕ್ತದಲ್ಲಿ ಹಾಲಿನ ವಿರುದ್ಧ ಐಜಿಜಿ ಸಿಕ್ಕರೆ ಮಗುವಿಗೆ ಆ ಹಾಲಿನ ಪರಿಚಯವಾಗಿದೆ ಎಂದಷ್ಟೇ ಅರ್ಥ. ಕೂಡಲೇ ದದ್ದು ಎಬ್ಬಿಸುವ, ಉಸಿರು ಕಟ್ಟಿಸುವ ಅಲರ್ಜಿಯ ಹಿಂದಿರುವುದು ಐಜಿಇ ಎಂಬ ಬೇರೆ ಪ್ರತಿಕಾಯ. ಐಜಿಜಿ ಪಟ್ಟಿ ತೋರಿಸಿ ‘ನಿಮ್ಮ ಮಗುವಿಗೆ ಇದು ಆಗದು, ಅದು ಆಗದು’ ಎನ್ನುವ ಪರೀಕ್ಷೆಗಳಿಗೆ ದುಡ್ಡು ಸುರಿಯುವುದು ದಂಡ. ಅಲರ್ಜಿ ಹೆಚ್ಚುವುದಿಲ್ಲ ಎಂಬ ಮಾತಿಗೆ ಒಂದು ಎಚ್ಚರಿಕೆ ಮಾತ್ರ ಉಂಟು. ಬ್ರಿಟನ್ನಿನಲ್ಲಿ ಅಲನ್ ಲ್ಯೂಕಸ್ ಮತ್ತು ಸಂಗಡಿಗರು 777 ಅವಧಿಪೂರ್ವ ಶಿಶುಗಳ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೆತನದಲ್ಲೇ ಅಲರ್ಜಿ ಇದ್ದ ಮಕ್ಕಳಿಗೆ ಹಸುವಿನ ಹಾಲಿನಿಂದ ಮಾಡಿದ ಶಿಶು ಪುಡಿಹಾಲಿನಿಂದ (ಫಾರ್ಮುಲಾ) ತೊಂದರೆ, ಅದರಲ್ಲೂ ಇಸುಬು, ಹೆಚ್ಚು ಕಂಡಿತು. ಉಳಿದವರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಲರ್ಜಿಗಿಂತ ನಿಜವಾಗಿ ಹೆದರಬೇಕಾದದ್ದು ಕರುಳೇ ಕೊಳೆಯುವ ಕಾಯಿಲೆಗೆ. ವೈದ್ಯರ ಬಾಯಲ್ಲಿ ಅದು ಎನ್‌ಇಸಿ. ಲ್ಯೂಕಸ್ ತಂಡದ್ದೇ ಇನ್ನೊಂದು ಅಧ್ಯಯನದ ಪ್ರಕಾರ, ಎದೆಹಾಲು ಮಾತ್ರ ಕುಡಿದವರಿಗಿಂತ ಪುಡಿಹಾಲು ಮಾತ್ರ ಕುಡಿದವರಲ್ಲಿ ಅದು 6ರಿಂದ 10 ಪಟ್ಟು. ಹಾಲಿನ ಪ್ರೋಟೀನ್ ಒಗ್ಗದೆಯೂ ಮಲದಲ್ಲಿ ರಕ್ತದ ಗೆರೆ ಬರಬಹುದು, ಎನ್‌ಇಸಿಯಲ್ಲೂ ಬರಬಹುದು. ದಿನ ತುಂಬದ ಕೂಸಿನ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾದರೆ ಅಲರ್ಜಿಯ ಮಾತು ಆಮೇಲೆ, ಮೊದಲು ಆಸ್ಪತ್ರೆ.

ಹಾಲು ಇಳಿದಿಲ್ಲ ಎನ್ನುವ ಆ ದಿನಗಳಲ್ಲೂ ತಾಯಿಯ ಎದೆ ಬರಿದಾಗಿರುವುದಿಲ್ಲ. ಕೈಯಿಂದ ಹಿಂಡಿದರೆ ಬರುವ ಕೆಲವೇ ಹನಿ ಹಳದಿ ಹಾಲಿನಲ್ಲಿ ಐಜಿಎ ಪ್ರತಿಕಾಯ, ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನ್ ತುಂಬಿರುತ್ತವೆ. ಐಜಿಎ ಕರುಳಿನ ಗೋಡೆಯ ಮೇಲೆ ನಿಂತು ಪರಕೀಯ ಪ್ರೋಟೀನನ್ನೂ ರೋಗಾಣುವನ್ನೂ ಒಳಬಿಡದೆ ತಡೆಯುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳಲು ಸುಮಾರು 34 ವಾರ ಬೇಕು. ಅಲ್ಲಿಯವರೆಗೆ ತೆಳು ಕೊಳವೆಯಲ್ಲಿ ಒಂದೆರಡು ಮಿಲಿಯಿಂದ ಶುರುಮಾಡಿ, ಆಮೇಲೆ ಒಳಲೆಯ ತುದಿಯನ್ನು ತುಟಿಯ ಅಂಚಿಗೆ ತಾಗಿಸಿ ಹನಿಹನಿಯಾಗಿ ಕುಡಿಸುತ್ತಾರೆ. ನಮ್ಮ ಅಜ್ಜಿಯರ ಒಳಲೆಯೇ ಇಂದು ದೇಶದ ನವಜಾತ ಶಿಶು ಘಟಕಗಳಲ್ಲಿ ‘ಪಲಾಡೈ’ ಆಗಿದೆ.

ಹಸುವಿನ ಹಾಲಿನಂತೆ ಜೇನೂ ಬೇಡ. ಭಾಗಮಂಡಲದ ಜೇನು ಎಷ್ಟೇ ಶುದ್ಧವಾಗಿದ್ದರೂ ವರ್ಷ ತುಂಬುವವರೆಗೆ ನಾಲಿಗೆಗೆ ಸೋಕಿಸಬಾರದು. ಅದರಲ್ಲಿರಬಹುದಾದ ಬೊಟುಲಿನಮ್ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಗುಳುತ್ತವೆ.

ಅನ್ನ ಯಾವಾಗ? ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 34 ವಾರಕ್ಕೆ ಮೊದಲೇ ಹುಟ್ಟಿದ 403 ಮಕ್ಕಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಹುಟ್ಟಬೇಕಿದ್ದ ದಿನದಿಂದ ಎಣಿಸಿ ನಾಲ್ಕು ತಿಂಗಳಿಗೇ ಉಣ್ಣಿಸಿದವರ ತೂಕವೇನೂ ಹೆಚ್ಚಲಿಲ್ಲ, ಆಸ್ಪತ್ರೆ ಸೇರುವುದು ಮಾತ್ರ ಹೆಚ್ಚಾಯಿತು. ಆರು ತಿಂಗಳೇ ಒಳ್ಳೆಯದೆಂದು ಸಂಶೋಧಕರು ಹೇಳಿದರು. ಆರಕ್ಕೆ ಶುರುಮಾಡಿದ ಮೇಲೆ ಮಾತ್ರ ಅಂಜಬಾರದು. ಅಕ್ಕಿತರಿ ಗಂಜಿಯ ಹಿಂದೆಯೇ ಬೇಯಿಸಿದ ಮೊಟ್ಟೆಯೂ ಬರಲಿ. ಅಲರ್ಜಿಯ ಭಯಕ್ಕೆ ವರ್ಷಗಟ್ಟಲೆ ದೂರವಿಟ್ಟರೆ ಅಲರ್ಜಿ ತಪ್ಪುತ್ತದೆ ಎಂಬ ಹಳೆಯ ನಂಬಿಕೆ ಬಿದ್ದುಹೋಗಿದೆ. ಹಾಗೆಂದು ಅಕ್ಕಿ ಎಲ್ಲರಿಗೂ ನಿರಪಾಯವೂ ಅಲ್ಲ. ಉಂಡ ಒಂದರಿಂದ ನಾಲ್ಕು ಗಂಟೆಯೊಳಗೆ ಮೇಲಿಂದ ಮೇಲೆ ವಾಂತಿಯಾಗಿ, ಮೈಮೇಲೆ ದದ್ದೇ ಇಲ್ಲದೆ ಮಗು ಬಿಳಿಚಿ ಸೊರಗಿದರೆ ಅಕ್ಕಿಯ ಪ್ರೋಟೀನೇ ಕಾರಣವಿರಬಹುದು.

ತಾಯಿ ಕಾರ್ಡಿನಲ್ಲಿ ಹುಟ್ಟಿದ ದಿನದ ಪಕ್ಕ ಹುಟ್ಟಬೇಕಿದ್ದ ದಿನವನ್ನೂ ಬರೆಸಿಕೊಳ್ಳಿ. ಅನ್ನಕ್ಕೆ ಎರಡನೆಯದು ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ; ಮಗು ಚಿಕ್ಕದೆಂದು ಅದನ್ನು ಮುಂದೂಡುವಂತಿಲ್ಲ.