ಮಗುವಿನ ದನಿ ಎಂದರೆ ತೊದಲಲ್ಲ

ಬಾಲ್ಯದ ನೆನಪುಗಳನ್ನು ಮಗುವಿನ ದನಿಯಲ್ಲೇ ಬರೆಯಹೊರಟವರು ಮೊದಲು ಭಾಷೆಯನ್ನು ಕುಗ್ಗಿಸುತ್ತಾರೆ. ಪುಟ್ಟ ವಾಕ್ಯ, ಮುದ್ದುಮಾತು, ಅಲ್ಲಲ್ಲಿ ತೊದಲು. ಇಷ್ಟಿದ್ದರೆ ಮಗು ಬಂತು ಎಂಬ ನಂಬಿಕೆ. ಇದು ತಪ್ಪು. ಅಲ್ಲಿ ಕಡಿಮೆ ಇರಬೇಕಾದದ್ದು ತಿಳಿವಳಿಕೆ, ಪದಸಂಪತ್ತಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ಶೃಂಗೇರಿ ತಾಲ್ಲೂಕಿನ ಕಿಗ್ಗದ ದೇವರ ಕಥೆಯನ್ನೇ ನೋಡಬಹುದು. ಮಳೆ ಬರಲೆಂದೂ, ಬಂದ ಮಳೆ ನಿಲ್ಲಲೆಂದೂ ಜನ ಪ್ರಾರ್ಥಿಸುವ ಋಷ್ಯಶೃಂಗೇಶ್ವರನ ಊರಿದು. ಮಹಾಭಾರತದ ವನಪರ್ವದಲ್ಲಿ ಋಷ್ಯಶೃಂಗ ತಂದೆ ವಿಭಾಂಡಕನ ಹೊರತು ಬೇರೆ ಮನುಷ್ಯರನ್ನು ಕಾಣದೆ ಬೆಳೆದವನು. ತಂದೆ ಇಲ್ಲದ ಹೊತ್ತಿನಲ್ಲಿ ಆಶ್ರಮಕ್ಕೆ ಗಣಿಕೆಯೊಬ್ಬಳು ಬಂದು ಹೋಗುತ್ತಾಳೆ. ಆಮೇಲೆ ಮಗ ಅದನ್ನು ತಂದೆಗೆ ಬಣ್ಣಿಸುತ್ತಾನೆ. ಹೆಣ್ಣೆಂಬುದು ಇದೆಯೆಂದೇ ಗೊತ್ತಿಲ್ಲದ ಅವನಿಗೆ ಬಂದದ್ದು ಯಾರೋ ಜಟಾಧಾರಿ ಬ್ರಹ್ಮಚಾರಿ. ಕೈಯ ಆಭರಣ ಸದ್ದು ಮಾಡುವ ಜಪಮಾಲೆಯಂಥದ್ದು. ಆಕೆ ಆಡಿದ ಚೆಂಡು, ನೆಲಕ್ಕೆ ಬಡಿದರೆ ಮೇಲೆ ಪುಟಿಯುವ ವಿಚಿತ್ರ ಹಣ್ಣು! ವಯಸ್ಸಿನಲ್ಲಿ ಅವನು ಮಗುವಲ್ಲ, ಲೋಕದ ಅರಿವಿನಲ್ಲಿ ಮಗು. ಆದರೂ ಆ ವರ್ಣನೆ ತುಂಬು ಛಂದಸ್ಸಿನ ಶ್ಲೋಕಗಳಲ್ಲಿ ಹರಿಯುತ್ತದೆ. ಅವನಿಗೆ ತಿಳಿಯದ್ದು ಕೇಳುವ ನಮಗೆ ಥಟ್ಟನೆ ತಿಳಿಯುತ್ತದೆ. ಮಗುವಿನ ದನಿಗೆ ಬಲ ಬರುವುದೇ ಈ ಅಂತರದಿಂದ.

ನಮ್ಮ ಮನೆಗಳಿಗೇ ಬರೋಣ. ‘ಅಮ್ಮ ಮುಟ್ಟಾಗಿದ್ದಳು, ಸಂಪ್ರದಾಯ ಅವಳನ್ನು ಹೊರಗಿಟ್ಟಿತ್ತು’ ಎಂದು ಬರೆದರೆ ಮಾತಾಡುತ್ತಿರುವವರು ದೊಡ್ಡವರು. ‘ಅಮ್ಮನಿಗೆ ಕಾಗೆ ಮುಟ್ಟಿತಂತೆ. ಬೆಳಗಿನಿಂದ ನಾನು ಜಗಲಿಯಲ್ಲೇ ಇದ್ದೆ, ಕಾಗೆ ಬಂದಿರಲಿಲ್ಲ’ ಎಂದರೆ ಅದು ಮಗು. ಇದರಲ್ಲಿ ಮುದ್ದುತನ ಒಂದಿಷ್ಟೂ ಇಲ್ಲ. ಇದರ ಕೆಳಗೆ ವಿವರಣೆಯ ಒಂದೇ ಒಂದು ಸಾಲು ಸೇರಿಸಿದರೂ ಕೆಟ್ಟಿತು.

ಮಗು ಮುಗ್ಧ, ಆದ್ದರಿಂದ ಅದರ ಕಥನ ಬರೀ ಸಿಹಿ ಎನ್ನುವವರೂ ಇದ್ದಾರೆ. ಅವರು ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಓದಬೇಕು. ಅದು ಕಥೆ, ಆತ್ಮಕಥೆಯಲ್ಲ. ಆದರೆ ಪಾಠ ಒಂದೇ. ಗರ್ಭಿಣಿಯಾದ ವಿಧವೆ ಯಮುನಕ್ಕನನ್ನು ನಾವು ನೋಡುವುದು ಪಾಠಶಾಲೆಯ ಹುಡುಗನ ಕಣ್ಣಿನಿಂದ. ಅವನಲ್ಲಿ ಪ್ರೀತಿಯಷ್ಟೇ ದಿಗಿಲೂ ಇದೆ, ಕೈಲಾಗದ ಸಂಕಟವೂ ಇದೆ.

ಹಾಗೆಂದು ಬಾಲ್ಯವನ್ನು ಬರೆಯಲು ಇದೊಂದೇ ದಾರಿಯೇ? ಅಲ್ಲ. ಅದೇ ಅನಂತಮೂರ್ತಿ ತಮ್ಮ ಆತ್ಮಕಥೆ ‘ಸುರಗಿ’ಯನ್ನು (2012) ಇಳಿವಯಸ್ಸಿನ ದನಿಯಲ್ಲೇ ಹೇಳಿದರು, ಬರೆದುಕೊಂಡವರು ಜ.ನಾ. ತೇಜಶ್ರೀ. ಕುವೆಂಪು ‘ನೆನಪಿನ ದೋಣಿಯಲ್ಲಿ’ಯಲ್ಲಿ ಬಾಲ್ಯವನ್ನು ನೋಡುವುದೂ ದೂರದಿಂದಲೇ.

ಇನ್ನು, ತೊಟ್ಟಿಲಲ್ಲಿ ಮಲಗಿದ್ದು ನೆನಪಿದೆ ಎಂದು ಬರೆಯುವವರ ವಿಷಯ. ಸಾಮಾನ್ಯವಾಗಿ ಮೂರು ವರ್ಷಕ್ಕೆ ಹಿಂದಿನದು ನಮ್ಮ ನೆನಪಲ್ಲಿ ಉಳಿಯುವುದಿಲ್ಲ. ಉಳಿದಂತೆ ಅನಿಸುವುದು ಹೆಚ್ಚಾಗಿ ಹಿರಿಯರಿಂದ ಕೇಳಿದ್ದು. ಅಂಥದ್ದನ್ನು ಅಜ್ಜಿ ಹೇಳಿದ್ದು ಎಂದೇ ಬರೆಯಿರಿ. ಅಜ್ಜಿ ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದರೆ ಅದನ್ನೂ ಸೇರಿಸಿ.