ಏರಿಯ ಮೇಲಿನ ಮೈಸೂರು

ಬೆಳಗಿನ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎರಡು ಬಗೆಯ ಜನ ಸಿಗುತ್ತಾರೆ. ಗಡಿಯಾರ ನೋಡಿಕೊಂಡು ಬಿರಬಿರನೆ ಸುತ್ತು ಮುಗಿಸುವವರು ಒಂದು ಬಗೆ. ಇನ್ನೊಂದು ಬಗೆಯವರು ಹತ್ತು ಹೆಜ್ಜೆಗೊಮ್ಮೆ ನಿಂತುಬಿಡುತ್ತಾರೆ. ಕತ್ತಿಗೆ ತೂಗುಹಾಕಿಕೊಂಡ ಬೈನಾಕ್ಯುಲರ್ ಎತ್ತುತ್ತಾರೆ, ಪಕ್ಕದವರ ಭುಜ ತಟ್ಟಿ ಬೆರಳು ತೋರಿಸುತ್ತಾರೆ. ಡಾಕ್ಟರ ಮಾತಿಗೆ ಹೆದರಿ ನಾನು ಸೇರಿದ್ದು ಮೊದಲ ಗುಂಪಿಗೆ. ಮೂರನೇ ವಾರ ಒಂದು ಹಾವಕ್ಕಿ ನನ್ನನ್ನು ಎರಡನೆಯದಕ್ಕೆ ಎಳೆದುಹಾಕಿತು. ನೀರಿನ ಮೇಲೆ ಕತ್ತು ಮಾತ್ರ ಕಾಣುವಂತೆ ಹಾವಿನ ಹಾಗೆ ಈಜುತ್ತಿದ್ದದ್ದು, ಒಣಗಿದ ಕೊಂಬೆಯೊಂದನ್ನು ಹತ್ತಿ, ಒದ್ದೆ ಪಂಚೆ ಹರವಿದಂತೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂತಿತು. ಅವತ್ತು ನನ್ನದು ಅರ್ಧ ಸುತ್ತೂ ಆಗಲಿಲ್ಲ.

ಮೈಸೂರಿನಲ್ಲಿ ನಿಸರ್ಗ ನೋಡುತ್ತಾ ನಡೆಯಬೇಕೆಂದರೆ ಊರು ಬಿಟ್ಟು ಹೋಗಬೇಕಾಗಿಲ್ಲ. ನಡೆಯಲು ಹಿತವಾದ ದಾರಿಗಳೆಲ್ಲ ಹೆಚ್ಚುಕಡಿಮೆ ನೀರಿಗಾಗಿ ಹಾಕಿದ ಏರಿಗಳೇ. ಅವನ್ನು ಕಟ್ಟಿದವರ ಮನಸ್ಸಿನಲ್ಲಿ ವಾಕಿಂಗ್ ಇರಲಿಲ್ಲ, ಹಕ್ಕಿಯೂ ಇರಲಿಲ್ಲ.

ಕುಕ್ಕರಹಳ್ಳಿ ಕೆರೆ 1864ರದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಊರಾಚೆಯ ಬೇಸಾಯಕ್ಕೆ ನೀರು ಬೇಕಿತ್ತು. ಇಳಿಜಾರಿಗೆ ಅಡ್ಡಲಾಗಿ ಮಣ್ಣು ಹಾಕಿ, ನೀರು ಬಡಿಯುವ ಮಗ್ಗುಲಿಗೆ ಕಲ್ಲು ಜೋಡಿಸಿ, ನೀರು ಬಿಡಲು ತೂಬು ಇಟ್ಟು, ತುಂಬಿ ಹೆಚ್ಚಾದದ್ದು ಹೋಗಲು ಕೋಡಿ ಬಿಟ್ಟರೆ ಕೆರೆ. ಮಾತಿನಲ್ಲಿ ಇಷ್ಟೇ. ಆದರೆ ಏರಿಯ ಮೇಲೆ ನಡೆಯುವಾಗ ಗಮನಿಸಿ: ಒಂದು ಕಡೆ ನೀರು ನಿಮ್ಮ ಪಾದದ ಹತ್ತಿರವೇ ಇರುತ್ತದೆ, ಇನ್ನೊಂದು ಕಡೆ ನೆಲ ತಗ್ಗಿಗೆ ಇಳಿದುಹೋಗಿರುತ್ತದೆ. ಆ ತಗ್ಗಿನಲ್ಲಿ ಈಗ ರಸ್ತೆ, ಮನೆ, ಹಾರ್ನ್ ಸದ್ದು. ಅಲ್ಲಿರುವವರ ತಲೆಗಿಂತ ಎತ್ತರದಲ್ಲಿ ಗುಳುಮುಳುಕ ಮುಳುಗುಹಾಕುತ್ತಿದೆ ಎಂದು ಅವರಿಗೆ ನೆನಪಿರುವುದು ಅನುಮಾನ.

ಈ ಕೆರೆಗೆ ನೀರು ತಂದುಕೊಟ್ಟ ಕಾಲುವೆಯದು ಬೇರೆಯೇ ಕಥೆ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ಹರಿಸಬೇಕೆಂದು ನಾಲೆ ತೋಡಿಸಲು ಹೊರಟರು. ಕೆಲಸ ಕೈಗೂಡಲಿಲ್ಲ, ಕಾವೇರಿ ಬರಲಿಲ್ಲ. ಆದರೆ ತೋಡಿದ ಹಳ್ಳ ಸುಮ್ಮನಿರುತ್ತದೆಯೇ? ಮಳೆ ಬಂದಾಗ ಸುತ್ತಲಿನ ನೆಲದ ನೀರೆಲ್ಲ ಅದರೊಳಗೆ ಇಳಿದು ಹರಿಯಿತು. ಮುಂದೆ ಕುಕ್ಕರಹಳ್ಳಿ ಕೆರೆ ತುಂಬಿದ್ದು ಅದರಿಂದಲೇ. ಸೋತ ಕೆಲಸವೊಂದು ಇಷ್ಟು ದಿನ ಬಾಳಿದ್ದು ನಮ್ಮ ಊರಲ್ಲಿ ಇನ್ನೊಂದಿರಲಾರದು. ಬಡಾವಣೆಗಳು ಎದ್ದಂತೆ ಪೂರ್ಣಯ್ಯ ನಾಲೆ ಅಲ್ಲಲ್ಲಿ ಮುಚ್ಚಿಹೋಯಿತು, ಒತ್ತುವರಿಯಾಯಿತು. ಕೆರೆಯ ಬಗ್ಗೆ ಕಾಳಜಿ ಇರುವವರು ಮೊದಲು ಎತ್ತುವ ಮಾತೂ ಈ ನಾಲೆಯದೇ.

ಕೆರೆ ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಪಕ್ಕದಲ್ಲೇ ಮಾನಸಗಂಗೋತ್ರಿ. ಕ್ಯಾಂಪಸ್ಸಿಗೆ ಆ ಹೆಸರಿಟ್ಟ ಕುವೆಂಪು ಈ ಏರಿಯ ಮೇಲೆ ನಡೆದಾಡಿದವರು, ಆರ್.ಕೆ. ನಾರಾಯಣ್ ಕೂಡ. ಸುತ್ತು ಬರಲು ಸುಮಾರು 4 ಕಿ.ಮೀ. ಚಳಿಗಾಲ ಹತ್ತಿರವಾದರೆ ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳ ಸಂಸಾರ ಶುರು. ಐದು ಕಿಲೋ ತೂಗುವ ಹಕ್ಕಿ ತೆಳ್ಳನೆಯ ಕೊಂಬೆಯ ತುದಿಯಲ್ಲಿ ಬಂದಿಳಿಯುವುದು ನೋಡಲೇಬೇಕಾದ ಸರ್ಕಸ್ಸು. ಜೊತೆಗೆ ನೀರುಕಾಗೆ, ಬೆಳ್ಳಕ್ಕಿ, ಜೊಂಡಿನ ಸಂದಿಯಲ್ಲಿ ನೇರಳೆ ಜಂಬುಕೋಳಿ. ಇವುಗಳಿಗೆ ಕನ್ನಡದಲ್ಲೂ ಹೆಸರಿದೆ ಎಂದು ನನ್ನಂಥ ಎಷ್ಟೋ ಜನಕ್ಕೆ ಗೊತ್ತಾದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಮಿಂಚುಳ್ಳಿ’ ಮತ್ತು ‘ಹೆಜ್ಜೆ ಮೂಡದ ಹಾದಿ’ ಪುಸ್ತಕಗಳಿಂದ. ಒಂದೇ ತಕರಾರು: ಮೊಬೈಲಿನಲ್ಲಿ ಹಾಡು ಜೋರಾಗಿ ಹಾಕಿಕೊಂಡು ನಡೆಯುವ ಹಿರಿಯರು. ಭಕ್ತಿಗೀತೆಯೇ ಆದರೂ ಹಕ್ಕಿಗೆ ಅದು ಗಲಾಟೆಯೇ.

ಮೈಸೂರಿನ ಎಲ್ಲ ಕೆರೆಗಳಿಗೂ ಈ ಅದೃಷ್ಟ ಇರಲಿಲ್ಲ. ದೊಡ್ಡಕೆರೆ ಮೈದಾನ, ಜೀವರಾಯನಕಟ್ಟೆ ಮೈದಾನ, ಸುಬ್ಬರಾಯನಕೆರೆ — ಹೆಸರಲ್ಲಿ ಕೆರೆ, ಕಟ್ಟೆ. ಕಾಲಿಗೆ ಸಿಗುವುದು ಒಣ ನೆಲ. ದಸರಾ ವಸ್ತುಪ್ರದರ್ಶನದಲ್ಲಿ ಹಪ್ಪಳ ಮೆಲ್ಲುತ್ತಾ ತಿರುಗುವಾಗ ನಾವು ನಿಂತಿರುವುದು ಒಂದು ಕಾಲದ ನೀರಿನ ಮೇಲೆ.

ಊರಿನ ನೈಋತ್ಯ ಅಂಚಿನ ಲಿಂಗಾಂಬುಧಿ ಕೆರೆ ಇನ್ನೂ ಹಳೆಯದು. ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಲ್ಲಿ ಮುಮ್ಮಡಿಯವರೇ 1828ರಲ್ಲಿ ಕಟ್ಟಿಸಿದ್ದು. ಅರಣ್ಯ ಇಲಾಖೆ ನೋಡಿಕೊಳ್ಳುತ್ತಿದೆ. ನನ್ನನ್ನು ಕೇಳಿದರೆ ಮೊದಲ ಸಲ ಹಕ್ಕಿ ನೋಡಲು ಹೊರಟವರು ಕುಕ್ಕರಹಳ್ಳಿಗಿಂತ ಇಲ್ಲಿಗೆ ಬರುವುದು ಒಳ್ಳೆಯದು. ಇಲ್ಲಿ ಜನ ಕಡಿಮೆ, ಪೊದೆ ಹೆಚ್ಚು. ಕೆಂಬೂತದ ಗಂಟಲು ಎಷ್ಟು ಆಳ ಎಂದು ತಿಳಿಯಬೇಕಾದರೆ ಅಷ್ಟು ಮೌನ ಬೇಕು.

ಕಾರಂಜಿ ಕೆರೆ ಬೇರೆ ಥರ. ಮೃಗಾಲಯದ ಆಡಳಿತಕ್ಕೆ ಸೇರಿದ್ದು, ಟಿಕೆಟ್ ಉಂಟು, ಮಂಗಳವಾರ ರಜೆ. ದೋಣಿ, ಚಿಟ್ಟೆ ಪಾರ್ಕು, ಒಳಗೇ ನಡೆದು ಹೋಗಬಹುದಾದ ದೊಡ್ಡ ಹಕ್ಕಿಮನೆ, ದಂಡೆಯಲ್ಲಿ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯ. ಮಕ್ಕಳನ್ನು ಕರೆದೊಯ್ಯಲು ಹೇಳಿ ಮಾಡಿಸಿದ್ದು. ನನಗೆ ಮಾತ್ರ ಬಲೆಯೊಳಗಿನ ನವಿಲಿಗಿಂತ ಹೊರಗಿನ ನಡುಗಡ್ಡೆಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಗೂಡು ಕಟ್ಟಿದ ಬಣ್ಣದ ಕೊಕ್ಕರೆ ಇಷ್ಟ. ಅಲ್ಲಿಂದ ತಲೆ ಎತ್ತಿದರೆ ಚಾಮುಂಡಿ ಬೆಟ್ಟ. ಕೆರೆಗೆ ನೀರು ಇಳಿಯುವುದು ಅಲ್ಲಿಂದಲೇ.

ಹಾಗಾಗಿ ಕೆರೆಗಳನ್ನು ಮುಗಿಸಿದವರು ಬೆಟ್ಟ ಹತ್ತಬೇಕು, ಕಾರಲ್ಲಲ್ಲ, ಮೆಟ್ಟಿಲಲ್ಲಿ. ಸಾವಿರಕ್ಕೂ ಮಿಕ್ಕಿದ ಈ ಮೆಟ್ಟಿಲು, ದಾರಿಯ ಏಕಶಿಲಾ ನಂದಿ ಎರಡೂ 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕೊಡುಗೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರನ್ನು ನೋಡಿದರೆ ನಮ್ಮ ಏದುಸಿರಿಗೆ ನಾಚಿಕೆಯಾಗುತ್ತದೆ. ಆಷಾಢ ಶುಕ್ರವಾರ ಮಾತ್ರ ಬೇಡ. ಅವತ್ತು ಬೆಟ್ಟ ತಾಯಿಯದು, ನಿಸರ್ಗ ನೋಡುವವರದಲ್ಲ.

ಕುಳಿತು ಸುಧಾರಿಸಿಕೊಳ್ಳುವ ಬಂಡೆಯನ್ನೊಮ್ಮೆ ಮುಟ್ಟಿ ನೋಡಿ. ಚಾಮುಂಡಿಯ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ವಯಸ್ಸು. ಕೇಳಲು ಮುದುಕ ಅನ್ನಿಸಿದರೂ, 250 ಕೋಟಿ ದಾಟಿದ ಸುತ್ತಲಿನ ಬಂಡೆಗಳ ನಡುವೆ ಇದು ಇನ್ನೂ ಹುಡುಗ. ಈ ಬಂಡೆ ಮತ್ತು ಕುರುಚಲನ್ನೇ ನಂಬಿ ಬದುಕುವ ಒಂದು ಹಕ್ಕಿ ಇಲ್ಲಿದೆ: ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹೊರದೇಶದಿಂದ ಬಂದು ಇದಕ್ಕಾಗಿ ದಿನವಿಡೀ ಕಾಯುವವರಿದ್ದಾರೆ. ನಾವು ಕಡಲೆಪುರಿ ತಿನ್ನುತ್ತಾ ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ. ಚಿರತೆಯೂ ಉಂಟು, ಕತ್ತಲಿರುವಾಗಲೇ ಒಬ್ಬೊಬ್ಬರೇ ಹತ್ತುವ ಸಾಹಸ ಬೇಡ. 2021ರ ಅಕ್ಟೋಬರ್ ಮಳೆಗೆ ನಂದಿಗೆ ಹೋಗುವ ರಸ್ತೆಯ ಅಂಚು ಕುಸಿದು ಕೆಳಗುರುಳಿತು. ಬೆಟ್ಟದ ನೀರಿಗೂ ಅದರದೇ ದಾರಿ ಬೇಕು.

ಜನವರಿಯಲ್ಲಿ ಮಾತ್ರ ಊರಿಂದ ಹೊರಗೆ ಕಾಲಿಡಬೇಕು. ಆ ತಿಂಗಳು ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ, 1987ರಲ್ಲಿ ಶುರುವಾದದ್ದು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ತಂಡ ಕಟ್ಟಿಕೊಂಡು ಜಿಲ್ಲೆಯ ಕೆರೆಗಳಿಗೆ ಹೊರಡುತ್ತಾರೆ. ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಹೋಗುವ ಗುಂಪಿಗೆ ಎಲ್ಲರೂ ಸೇರಲು ಹವಣಿಸುವುದು ಪಟ್ಟೆತಲೆ ಹೆಬ್ಬಾತಿಗಾಗಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿ ಅದು. ಕೆಲವಕ್ಕೆ ಅಲ್ಲಿನವರು ಕೊರಳಪಟ್ಟಿ ತೊಡಿಸಿ ಕಳಿಸಿರುತ್ತಾರೆ. ಪಟ್ಟಿಯ ಮೇಲಿನ ಅಕ್ಷರ ಓದಿ ತಿಳಿಸಿದರೆ ಅದು ಯಾವ ಸರೋವರದಿಂದ ಹೊರಟಿದ್ದೆಂದು ಉತ್ತರ ಬರುತ್ತದೆ.

ಒಂದು ವರ್ಷ ನಾನೂ ಜೊತೆಗಿದ್ದೆ. ಏರಿಯ ಮೇಲೆ ಟೆಲಿಸ್ಕೋಪು ಊರಿಕೊಂಡು, ಒಂದು ಕೊರಳಪಟ್ಟಿಯ ಅಕ್ಷರ ಹಿಡಿಯಲು ಹೆಣಗುತ್ತಿದ್ದೆವು. ಬೈಕಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬಂದ ಹಿರಿಯರೊಬ್ಬರು ಗಾಡಿ ನಿಲ್ಲಿಸಿ, ತಾವೂ ಒಂದು ಕಣ್ಣು ಮುಚ್ಚಿ ಅದರೊಳಗೆ ಇಣುಕಿದರು. ಮಂಗೋಲಿಯಾದಿಂದ ಬಂದದ್ದು ಎಂದು ಉತ್ಸಾಹದಿಂದ ಹೇಳಿದೆವು.

“ಎಲ್ಲಿಂದಾರ ಬರ್‍ಲಿ ಸ್ವಾಮಿ, ರಾತ್ರಿಯೆಲ್ಲ ನಮ್ ಹೊಲದಲ್ಲೇ ಮೇಯೋದು” ಎಂದರು. ಮತ್ತೆ ಇಣುಕಿ, “ಆ ಪಟ್ಟಿ ಇರೋದು ಎಷ್ಟನೇ ನಂಬರು ಅಂತ ನನಗೂ ಬರ್‍ಕೊಡಿ” ಎಂದರು.